ಎಸೆಯಲಾಗದ ಬೈಗುಳ

ಮಂಗಳೂರಿನಿಂದ ಏಡನ್ ಬಂದರಿಗೆ ಹೊರಟ ಹಡಗಿನಲ್ಲಿ ಯೆಹೂದಿ ವರ್ತಕ ಯೆಫೆತನ ಮೆಣಸಿನ ಮೂಟೆಗೂ ಅದರ ಹಗ್ಗಕ್ಕೆ ಸಿಕ್ಕಿಸಿದ್ದ ಕಾಗದಕ್ಕೂ ಜಗಳ ಹತ್ತಿತು. ಕೈರೋದಲ್ಲಿದ್ದ ಭಾವನಿಗೆ ಯೆಫೆತನೇ ಬರೆದ ಕಾಗದ ಅದು. ಅದರ ತುಂಬ ಬರೀ ಬೈಗುಳ.

"ನಾನು ಚಿನ್ನಕ್ಕೆ ಸಮ ತೂಗುವವನು. ನೀನು ಓದಿ ಹರಿದೆಸೆಯುವ ಚಿಂದಿ. ಇಳಿ ಕೆಳಗೆ!" ಎಂದಿತು ಮೂಟೆ.

"ಇಳಿಯುತ್ತೇನೆ, ತಾವು ಇಳಿದ ಮೇಲೆ," ಎಂದಿತು ಕಾಗದ.

ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಹಡಗಿನ ಭಾರ ಇಳಿಸಲು ನಾವಿಕರು ಮೂಟೆಗೆ ಕೈಹಾಕಿದರು.

"ಮೊದಲು ಆ ಕಾಗದ ಎಸೆಯಿರೋ!" ಎಂದು ಮೂಟೆ ಬೊಬ್ಬೆ ಹೊಡೆಯಿತು. ಹಡಗಿನ ಯಜಮಾನ ಹಾಗೇ ಮಾಡಹೊರಟ.

ಯೆಫೆತ್ ಹಾರಿಬಂದು ಕಿತ್ತುಕೊಂಡ. "ಅಯ್ಯೋ ಪಾಪಿ, ಮೊದಲ ಸಾಲಿನಲ್ಲಿ ದೇವರ ಹೆಸರಿದೆ! ಅಂಥದ್ದನ್ನು ನಮ್ಮವರು ಎಸೆಯುವಂತಿಲ್ಲ. ಮೆಣಸು ಎಸೆ."

"ಎರಡನೆಯ ಸಾಲಿನಲ್ಲಿ ಏನಿದೆ ಸ್ವಾಮಿ?" ಎಂದ ಯಜಮಾನ.

"'ಭಾವಾ, ನೀನೊಂದು ಕತ್ತೆ' ಅಂತ ಇದೆ," ಎಂದು ಯೆಫೆತ್ ಭಕ್ತಿಯಿಂದ ಕಾಗದಕ್ಕೆ ಮುತ್ತಿಟ್ಟ.

ಮೂಟೆ ದೊಪ್ಪನೆ ನೀರಿಗೆ ಬಿತ್ತು. ಮುಳುಗುತ್ತ ಮುಳುಗುತ್ತ ಅಂಗಲಾಚಿತು: "ನನ್ನ ಮೇಲೂ ಏನಾದರೂ ಬರೆಯಿರಪ್ಪಾ! ದೇವರ ಹೆಸರೇ ಬೇಡ, ಕತ್ತೆ ಅಂತಲಾದರೂ ಬರೆಯಿರಿ!"