ಪಾರುಪತ್ತೇಗಾರ ಹಿಡಿದ ಸೂತಕ

ಬಾಯಲ್ಲಿ ಇರೋದನ್ನ ನುಂಗಿ, ಕಾಲು ಮಡಚಿ ಕೂತ್ಕೊಳ್ಳಿ. ನಡುನಡುವೆ ಹೂಂ ಅನ್ನಬೇಕು. ಹೂಂ ಅನ್ನದವರನ್ನು ಅವರೆಕಾಯಿ ಸುಲಿಯೋಕೆ ಕೂರಿಸ್ತೀನಿ.

ಒಂದಾನೊಂದು ರಾಜ್ಯ. ಅಲ್ಲಿ ಬಿಸಿಲೋ ಬಿಸಿಲು. ಅದಕ್ಕೆ ಮಾಚರಸ ಅಂತ ಒಬ್ಬ ರಾಜ. ಒಳ್ಳೆಯವನೇ. ಆದರೆ ಕಡೆಗೆ ಯಾರು ಮಾತಾಡಿದರೋ ಅವರ ಮಾತೇ ಅವನ ಮಾತು. ಅವನ ರಾಣಿ ನೀಲಾಜಮ್ಮ, ದೂರದ ಊರಿಂದ ಬಂದವಳು. ಅವಳಿಗೊಂದು ಪುಟ್ಟ ಕೂಸು.

ಅರಮನೆಯ ಹಿತ್ತಲಲ್ಲಿ ಒಂದು ದೊಡ್ಡ ಹಲಸಿನ ಮರ. ಕೂಸಿಗೆ ನಿದ್ದೆ ಬರುತ್ತಿದ್ದದ್ದು ಆ ಮರದ ಕೊಂಬೆಗೆ ಸೀರೆ ಕಟ್ಟಿದ ತೊಟ್ಟಿಲಲ್ಲಿ ಮಾತ್ರ. ಬೆಳ್ಳಿ ತೊಟ್ಟಿಲಲ್ಲಿ ಹಾಕಿದರೆ ಅರಮನೆ ಹಾರಿಹೋಗುವ ಹಾಗೆ ಚೀರುತ್ತಿತ್ತು. ಮಲಗದ ಕೂಸನ್ನು ಹೆಗಲಿಗೆ ಹಾಕಿಕೊಂಡು ಓಡಾಡಿದವರಿಗೆ ಗೊತ್ತು, ಅಂಥ ಮರದ ಬೆಲೆ. ಗೊತ್ತಿಲ್ಲದವರು ಸುಮ್ಮನೆ ಹೂಂ ಅನ್ನಿ.

ಆದರೆ ಮರದ ಕೆಳಗೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಬರೀ ಮಣ್ಣು. ಗೌರಿ ಹಬ್ಬಕ್ಕೆ ಊರಿನ ಹೆಂಗಸರೆಲ್ಲ ಬಾಗಿನ ಕೊಡೋಕೆ ಅದೇ ಹಿತ್ತಲಿಗೆ ಬರುತ್ತಿದ್ದರು. ಹೊಸ ಸೀರೆಯ ಅಂಚಿಗೆಲ್ಲ ಧೂಳು ಮಾಡಿಕೊಂಡು ಹೋಗುತ್ತಿದ್ದರು. ರಾಜನಿಗೆ ನಾಚಿಕೆ ಆಯಿತು. ತೋಟದ ಪಾರುಪತ್ತೇಗಾರ ಉಗ್ರಪ್ಪನನ್ನು ಕರೆಸಿ, ಹಿತ್ತಲನ್ನು ಹಸಿರು ಮಾಡು ಅಂದ.

ಉಗ್ರಪ್ಪನ ಮೀಸೆಗೆ ಯಾವಾಗಲೂ ಎಣ್ಣೆ, ದವಡೆಯಲ್ಲಿ ಯಾವಾಗಲೂ ಎಲೆ ಅಡಿಕೆ. ಅವನು ಸೇವಂತಿಗೆ ನೆಡಿಸಿದ. ಅದು ಬಿಸಿಲು ಹುಡುಕುತ್ತ ಕತ್ತು ಉದ್ದ ಮಾಡಿ, ಬಿಳಿಚಿಕೊಂಡು ಸತ್ತಿತು. "ಮರದ ತಪ್ಪು, ಮಹಾಪ್ರಭು" ಅಂದ.

ಗುಲಾಬಿ ನೆಡಿಸಿದ. ಅದು ಎಲೆಗೆಲ್ಲ ಕಪ್ಪು ಚುಕ್ಕೆ ಇಟ್ಟುಕೊಂಡು ಸತ್ತಿತು. "ಮರದ ತಪ್ಪು, ಮಹಾಪ್ರಭು."

ಚೆಂಡುಹೂ ನೆಡಿಸಿದ. ಅದು ಮೊಗ್ಗು ಕೂಡ ಬಿಡದೆ ಕೊಳೆತು ಬಿತ್ತು. "ಮರದ ತಪ್ಪು, ಮಹಾಪ್ರಭು. ಈ ಮರ ಇರುವವರೆಗೆ ಇಲ್ಲಿ ಏನೂ ಏಳೋದಿಲ್ಲ. ಕಡಿಸಿಬಿಡಿ."

"ಹಾಗಾದರೆ ಕಡಿಸೋಣ" ಅಂದ ಮಾಚರಸ.

ನೀಲಾಜಮ್ಮ ಮುಂದೆ ಬಂದಳು. "ಬರುವ ಗೌರಿ ಹಬ್ಬದವರೆಗೆ ಹಿತ್ತಲನ್ನು ನನಗೆ ಬಿಡಿ. ಹಸಿರಾಗದಿದ್ದರೆ ತೊಟ್ಟಿಲು ನಾನೇ ಬಿಚ್ಚಿಕೊಡ್ತೀನಿ" ಅಂದಳು.

"ಹಾಗಾದರೆ ಬಿಡೋಣ" ಅಂದ ಮಾಚರಸ. ಉಗ್ರಪ್ಪ ಮೀಸೆಯೊಳಗೇ ನಕ್ಕ.

ನೀಲಾಜಮ್ಮ ಗುದ್ದಲಿ ಹಿಡಿಯಲಿಲ್ಲ. ಮರದ ಕೆಳಗೆ ಕೂತು ಯೋಚನೆ ಮಾಡಿದಳು. ಲೋಕದಲ್ಲಿ ಇಷ್ಟೊಂದು ಗಿಡ ಇವೆಯಲ್ಲ, ಎಲ್ಲಕ್ಕೂ ಬಿಸಿಲೇ ಬೇಕಾ? ನೆರಳೇ ಸಾಕು ಅನ್ನುವ ಗಿಡ ಒಂದೂ ಇಲ್ವಾ? ಒಂದು ಸಲ ನೆಟ್ಟರೆ ವರ್ಷ ವರ್ಷ ತಾನೇ ಏಳುವಂಥದ್ದು? ಇದನ್ನ ತೋಟದವರನ್ನು ಕೇಳೋದಕ್ಕಿಂತ ಇಲ್ಲೇ ವಾಸ ಇರೋರನ್ನು ಕೇಳೋಣ ಅಂದುಕೊಂಡಳು.

ಮರದ ಪೊಟರೆಯಲ್ಲಿ ಒಂದು ಅಳಿಲು ಬಾಣಂತಿ ಇತ್ತು. "ಅಳಿಲಕ್ಕ, ಬಿಸಿಲು ಕೆಳಗೆ ಎಷ್ಟು ಇಳಿಯುತ್ತೆ?" ಅಂತ ಕೇಳಿದಳು.

"ಮೆಲ್ಲಗೆ ಮಾತಾಡು ತಾಯಿ, ಈಗಷ್ಟೇ ಮಲಗಿಸಿದ್ದೀನಿ" ಅಂದಿತು ಅಳಿಲು. "ಮೂಡಣಕ್ಕೆ ಮುಖ ಮಾಡಿರೋ ಗೋಡೆ ಹತ್ತಿರ ಬೆಳಿಗ್ಗೆ ಹಾಲು ಕಾಯುವಷ್ಟು ಹೊತ್ತು ಬಿಸಿಲು ಬರುತ್ತೆ. ಆಮೇಲೆ ಎಲೆ ಸಂದಿಯಿಂದ ಚೂರು ಚೂರು ಉದುರುತ್ತೆ ಅಷ್ಟೆ. ಆ ಚೂರು ಹಿಡಿಯೋಕೆ ಬೆರಳಷ್ಟು ಎಲೆ ಸಾಲದು. ಮೊರದಷ್ಟು ಅಗಲ ಬೇಕು."

ಬುಡದ ಹತ್ತಿರ ಒಂದು ಬಸವನಹುಳು ಹೋಗುತ್ತಿತ್ತು. "ತೇವ ಎಲ್ಲಿದೆ, ಬಸವಣ್ಣ?"

"ಬಚ್ಚಲ ನೀರು ಹರಿಯೋ ಕಡೆ ಯಾವಾಗಲೂ ಇದೆ. ಬುಡದಲ್ಲಿ ಮಳೆಗಾಲ ಬಿಟ್ಟರೆ ಇಲ್ಲ, ಮರವೇ ಕುಡಿದುಬಿಡುತ್ತೆ. ನಾನಂತೂ ಬೇಸಿಗೆ ಬಂತು ಅಂದರೆ ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಲಗಿಬಿಡ್ತೀನಿ. ನೋಡಿದವರು ಸತ್ತ ಅಂದ್ಕೋತಾರೆ. ಅಂದ್ಕೊಳ್ಳಲಿ, ನನಗೇನು. ಹಾಗೆ ಮಲಗೋಕೆ ಬರೋರು ಇಲ್ಲಿ ಬದುಕ್ತಾರೆ."

ಬಿಲದ ಬಾಯಲ್ಲಿ ಒಂದು ಹೆಗ್ಗಣ ಮೂಗು ಹೊರಗೆ ಹಾಕಿತು. "ನೆಲದೊಳಗೆ ಹೇಗಿದೆ, ಹೆಗ್ಗಣಪ್ಪ?"

"ಜಾಗವೇ ಇಲ್ಲ. ಎಲ್ಲ ಕಡೆ ಹಲಸಿನ ಬೇರು. ಆಳಕ್ಕೆ ಬೇರು ಬಿಡೋರು ಅದರ ಜೊತೆ ಜಗಳಕ್ಕೆ ಬಿದ್ದು ಸಾಯ್ತಾರೆ. ಮೇಲ್ಮಣ್ಣಲ್ಲೇ ಅಡ್ಡಡ್ಡ ಮಲಗೋ ಗೆಡ್ಡೆ ಆದರೆ ಬಾಳುತ್ತೆ."

"ಗೆಡ್ಡೆ ನೆಟ್ಟರೆ ನೀನು ತಿನ್ನಲ್ವಾ?"

"ನಿನ್ನ ಕೂಸು ರಾಗಿ ಸರಿ ತಿಂದ ಬಟ್ಟಲನ್ನು ದಿನಾ ತೊಳೆಯದೆ ಹೊರಗಿಡು. ತಿನ್ನಲ್ಲ."

ನೀಲಾಜಮ್ಮ ಮೂರು ಮಾತನ್ನೂ ಸೇರಿಸಿ ನೋಡಿದಳು. ಎಲೆ ಅಗಲ ಇರಬೇಕು. ಬೇಸಿಗೆಯಲ್ಲಿ ಮಲಗಬೇಕು. ಗೆಡ್ಡೆ ಅಡ್ಡ ಹಬ್ಬಬೇಕು. ತಟ್ಟನೆ ಅವಳಿಗೆ ಒಂದು ಒಡಕು ಮಡಕೆ ನೆನಪಾಯಿತು. ಅವಳ ತವರಿನಲ್ಲಿ ಮಗಳ ಮಡಿಲು ತುಂಬುವಾಗ ಅಕ್ಕಿ, ಕಾಯಿ ಜೊತೆ ಹಸಿ ಅರಿಶಿನದ ಗೆಡ್ಡೆಯನ್ನೂ ಹಾಕುತ್ತಿದ್ದರು. ಅದನ್ನು ತಂದು ಆ ಮಡಕೆಯಲ್ಲಿ ಊರಿ ಮರೆತಿದ್ದಳು. ಹೋಗಿ ಕೆದಕಿದರೆ ಮಡಕೆ ತುಂಬ ಮರಿಗೆಡ್ಡೆ.

ಅರಿಶಿನವನ್ನು ಬೇರುಗಳ ನಡುವೆ ನೆಟ್ಟಳು. ಅಗಸರ ಮನೆಯಿಂದ ಕೆಸುವಿನ ಗೆಡ್ಡೆ ತರಿಸಿ ಬಚ್ಚಲ ನೀರಿನ ದಾರಿಯಲ್ಲಿ ನೆಟ್ಟಳು. ಹೂವಾಡಗಿತ್ತಿಯಿಂದ ಸುಗಂಧಿಯ ಗೆಡ್ಡೆ ಇಸಕೊಂಡು, ಬೆಳಿಗ್ಗೆ ಬಿಸಿಲು ಬರುವ ಮೂಡಣ ಗೋಡೆ ಹತ್ತಿರ ನೆಟ್ಟಳು.

ಮಳೆ ಬಂತು. ಗೌರಿ ಹಬ್ಬದ ಹೊತ್ತಿಗೆ ಹಿತ್ತಲಲ್ಲಿ ಮಣ್ಣೇ ಕಾಣಲಿಲ್ಲ. ಅರಿಶಿನದ ಎಲೆ ಸೊಂಟದವರೆಗೆ ಬಂದಿತ್ತು. ಕೆಸುವಿನ ಎಲೆ ಮೇಲೆ ನೀರು ಉರುಳಾಡುತ್ತಿತ್ತು. ಸುಗಂಧಿಯ ಬಿಳಿ ಹೂವು ಚಿಟ್ಟೆ ಕೂತ ಹಾಗೆ ಕೂತಿತ್ತು. ಹೆಂಗಸರು ಬಾಗಿನ ಮರೆತು ಹೂವು ಮೂಸುತ್ತ ನಿಂತರು.

"ಇದನ್ನೆಲ್ಲ ಬೆಳೆಸಿದ್ದು ಯಾರು?" ಅಂದ ಮಾಚರಸ.

ನೀಲಾಜಮ್ಮ ಒಳಗೆ ಕೂಸಿಗೆ ಹಾಲು ಕೊಡುತ್ತಿದ್ದಳು. ಉಗ್ರಪ್ಪ ಮುಂದೆ ಬಂದು ಕೈ ಮುಗಿದ. "ರಾಣಿಯಮ್ಮ ಹೇಳಿದರು, ನಾನು ಬೆಳೆಸಿದೆ, ಮಹಾಪ್ರಭು. ಗಿಡ ಅಂದ್ಕೊಂಡಿಲ್ಲ ನಾನು. ಹೆತ್ತ ಮಕ್ಕಳು ಅಂದ್ಕೊಂಡೆ. ನಾನೇ ಇವಕ್ಕೆ ತಂದೆ." ರಾಜ ಅಷ್ಟು ಜನರ ಮುಂದೆ ಅವನಿಗೆ ಜರಿ ಶಾಲು ಹೊದಿಸಿದ.

ನೀಲಾಜಮ್ಮನಿಗೆ ಎಲ್ಲವೂ ಕೇಳಿಸಿತು. ಎದ್ದು ಹೋಗಿ ಜಗಳ ಆಡಿದರೆ ಕೂಸು ಹಾಲು ಬಿಟ್ಟು ಚೀರುತ್ತೆ. ಮರ ಉಳಿಯಿತಲ್ಲ, ಶಾಲು ಹಾಳಾಗಿ ಹೋಗಲಿ ಅಂದುಕೊಂಡಳು.

ಚಳಿಗಾಲ ಬಂತು, ಹೋಯಿತು. ಅರಿಶಿನದ ಎಲೆ ಹಳದಿಯಾಗಿ, ಒಣಗಿ, ನೆಲಕ್ಕೆ ಮಲಗಿತು. ಸುಗಂಧಿಯೂ ಮಲಗಿತು. ಕೆಸು ಮಾತ್ರ ಬಚ್ಚಲ ನೀರು ಕುಡಿದುಕೊಂಡು ನಿಂತಿತ್ತು. ಉಗ್ರಪ್ಪ ಒಂದು ಮಧ್ಯಾಹ್ನ ಬಂದು ಆ ನೀರನ್ನು ಆಚೆಗೆ ತಿರುಗಿಸಿದ. ಕೆಸುವೂ ಮಲಗಿತು. ಅಳಿಲು ಎಲ್ಲವನ್ನೂ ನೋಡಿ ನೀಲಾಜಮ್ಮನಿಗೆ ಹೇಳಿತು. ಆದರೆ ಅಷ್ಟರೊಳಗೆ ಉಗ್ರಪ್ಪ ರಾಜನನ್ನು ಕರೆದುಕೊಂಡು ಬಂದಾಗಿತ್ತು.

"ನೋಡಿ ಮಹಾಪ್ರಭು, ಎಲ್ಲ ಸತ್ತವು. ಮರವೇ ಕೊಂದುಬಿಟ್ಟಿತು. ನಾಳೆಯೇ ಕೊಡಲಿಯವರನ್ನು ಕರೆಸಲಾ?"

"ಹಾಗಾದರೆ ಕರೆಸು" ಅಂದ ಮಾಚರಸ.

ನೀಲಾಜಮ್ಮ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಬಂದಳು. "ಉಗ್ರಪ್ಪನವರೇ, ಅರಿಶಿನ ಸತ್ತಿದೆಯಾ?"

"ಸತ್ತಿದೆ, ತಾಯಿ."

"ಸುಗಂಧಿ?"

"ಸತ್ತಿದೆ."

"ಕೆಸು?"

"ಅದೂ ಸತ್ತಿದೆ. ಎಷ್ಟು ಸಲ ಹೇಳಲಿ?"

ನೀಲಾಜಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. "ಪಾಪ. ಇಷ್ಟು ಮಕ್ಕಳನ್ನು ಕಳಕೊಂಡು, ಮೀಸೆಗೆ ಎಣ್ಣೆ ಹಚ್ಚಿ ಎಲೆ ಅಡಿಕೆ ಜಗಿಯುತ್ತ ನಿಂತಿದ್ದೀರಲ್ಲ. ನಿಮ್ಮ ಕಡೆ ಸೂತಕ ಇಲ್ವಾ?"

ಉಗ್ರಪ್ಪನ ದವಡೆ ಅಲ್ಲೇ ನಿಂತಿತು. "ಅವು ಗಿಡ, ತಾಯಿ. ಮಕ್ಕಳಲ್ಲ."

"ಶಾಲು ಹೊದೆಯುವಾಗ ಮಕ್ಕಳಾಗಿದ್ದವು." ನೀಲಾಜಮ್ಮ ರಾಜನ ಕಡೆ ತಿರುಗಿದಳು. "ನಮ್ಮೂರಲ್ಲಿ ಗಿಡ ಸತ್ತರೆ ಸಾಕಿದ ತಂದೆ ಸೂತಕ ಹಿಡೀತಾನೆ. ಮೊದಲ ಮಳೆ ನೆತ್ತಿ ಮೇಲೆ ಬಿದ್ದಮೇಲೇ ಅದು ಕಳೆಯೋದು. ಅಲ್ಲಿಯವರೆಗೆ ಆ ಜಾಗದಲ್ಲಿ ಕೊಡಲಿ ಎತ್ತೋ ಹಾಗಿಲ್ಲ. ಇಲ್ಲ, ಗಿಡ ಬದುಕಿದೆ ಅಂತಾರೋ, ಸಂತೋಷ. ಆಗ ಕೊಡಲಿಯ ಕೆಲಸವೇ ಇಲ್ಲ."

ಅವರೂರಲ್ಲಿ ಈ ಪದ್ಧತಿ ನಿಜವಾಗಿ ಇತ್ತೋ ಇಲ್ಲವೋ, ನಾನಂತೂ ಹೋಗಿ ನೋಡಿಲ್ಲ. ಉಗ್ರಪ್ಪ ಸತ್ತಿದೆ ಅಂದರೆ ಸೂತಕ, ಬದುಕಿದೆ ಅಂದರೆ ಮರ ಉಳಿಯಿತು.

"ಹಾಗಾದರೆ ಸೂತಕವೇ ಆಗಲಿ" ಅಂದ ಮಾಚರಸ.

ಹಿಡಿದ ನೋಡಿ ಸೂತಕ. ಕ್ಷೌರ ಇಲ್ಲ, ಎಲೆ ಅಡಿಕೆ ಇಲ್ಲ, ಹಾಸಿಗೆ ಇಲ್ಲ. ಮೀಸೆ ಜೋತುಬಿತ್ತು, ಗಡ್ಡ ಪೊದೆಯಾಯಿತು. ಬೀದಿಯಲ್ಲಿ ಸಿಕ್ಕವರೆಲ್ಲ "ಅರಿಶಿನಕ್ಕೆ ಏನಾಗಿತ್ತು ಪಾಪ, ಜ್ವರವಾ?" ಅಂತ ಕೇಳಿ ಹೋಗುತ್ತಿದ್ದರು.

ನೀಲಾಜಮ್ಮ ರಾಜನಿಗೆ ಅಂದಳು, "ಸಾವಾದ ಮನೆಗೆ ಹೋಗಿ ನಾಲ್ಕು ಮಾತಾಡಿಸಿ ಬರೋದು ನಿಮಗೆ ಶೋಭೆ."

ಮಾಚರಸ ಹೋದ. ಉಗ್ರಪ್ಪ ಕಟ್ಟಿಸುತ್ತಿದ್ದ ಹೊಸ ಮನೆ. ಗೋಡೆ ಎದ್ದಿತ್ತು, ಹೆಂಚು ಹೊದಿಸಿಯಾಗಿತ್ತು. ತಲೆಬಾಗಿಲಿನ ಜಾಗದಲ್ಲಿ ಮಾತ್ರ ಬಾಗಿಲುವಾಡ ಇಲ್ಲ, ಒಂದು ಗೋಣಿಚೀಲ ನೇತಾಡುತ್ತಿತ್ತು. ರಾಜ ಗೋಣಿ ಸರಿಸಿ ಒಳಗೆ ಹೋದ. ಉಗ್ರಪ್ಪ ಹೊರಗೆಲ್ಲೋ ಹೋಗಿದ್ದ. ಅವನ ಹೆಂಡತಿ ಹೊಂಬಾಳಮ್ಮ ಗಡಿಬಿಡಿಯಲ್ಲಿ ಮಣೆ ಹಾಕಿದಳು.

"ಬಾಗಿಲು ಯಾಕಮ್ಮ ಇಡಿಸಿಲ್ಲ?"

ಹೊಂಬಾಳಮ್ಮ ಒಳಗೊಂದು ಹೊರಗೊಂದು ಅರಿಯದವಳು. "ನಿಮ್ಮ ಹಿತ್ತಲ ಹಲಸು ಉರುಳಲಿ ಅಂತ ಕಾಯ್ತಿದ್ದೀವಿ, ಮಹಾಪ್ರಭು. ಬಾಗಿಲುವಾಡಕ್ಕೆ ಅದೇ ಮರ ಆಗಬೇಕಂತೆ ಇವರಿಗೆ. ಅದಕ್ಕೇ ನೆರಳಿಗೆ ಆಗದ ಗಿಡಗಳನ್ನೇ ಹುಡುಕಿ ಹುಡುಕಿ ನೆಟ್ಟರು, ಪಾಪ. ಎಷ್ಟು ಕಷ್ಟಪಟ್ಟರು ಅಂತೀರಿ."

ಅವಳು ಕೊಟ್ಟ ಮಜ್ಜಿಗೆ ಕುಡಿದು ಮಾಚರಸ ಅರಮನೆಗೆ ಬಂದ. ಹುಟ್ಟಿದಮೇಲೆ ಮೊದಲ ಸಲ, ಕೇಳಿದ ಮಾತನ್ನು ಕಣ್ಣಲ್ಲೂ ನೋಡೋಣ ಅನ್ನಿಸಿತು ಅವನಿಗೆ.

ಮೊದಲ ಮಳೆ ಬಂತು. ಬಿಡದೆ ಹೊಯ್ದಿತು. ಉಗ್ರಪ್ಪ ಅಂಗಳದಲ್ಲಿ ನಿಂತು ತಲೆ ನೆನೆಸಿಕೊಂಡ. ಮಳೆ ಬಿಡುವು ಕೊಟ್ಟ ಬೆಳಿಗ್ಗೆ ಗಡ್ಡ ಬೋಳಿಸಿ, ದವಡೆ ತುಂಬ ಎಲೆ ಅಡಿಕೆ ಹಾಕಿ, ಕೊಡಲಿಯವರನ್ನು ಕರೆದುಕೊಂಡು ಹಿತ್ತಲಿಗೆ ಬಂದ.

ಅಲ್ಲಿ ರಾಜ ಕುಕ್ಕರಗಾಲಲ್ಲಿ ಕೂತು ಒಣ ಎಲೆ ಸರಿಸುತ್ತಿದ್ದ. ಕೆಳಗೆ, ಸುತ್ತಿಟ್ಟ ಪುಟ್ಟ ಚಾಪೆಯ ಹಾಗೆ, ಅರಿಶಿನದ ಮೊಳಕೆ. ಗೋಡೆ ಹತ್ತಿರ ಸುಗಂಧಿ. ಬಚ್ಚಲ ಕಾಲುವೆ ಪಕ್ಕ ಕೆಸು. ಹೋದ ವರ್ಷಕ್ಕಿಂತ ಹೆಚ್ಚೇ ಇದ್ದವು.

"ಬಾ ಉಗ್ರಪ್ಪ. ನಿನ್ನ ಮಕ್ಕಳು ಎದ್ದಿದ್ದಾರೆ" ಅಂದ ಮಾಚರಸ. "ಮಲಗಿದ್ದಕ್ಕೂ ಸತ್ತದ್ದಕ್ಕೂ ವ್ಯತ್ಯಾಸ ಗೊತ್ತಿಲ್ಲದ ತಂದೆ ನೀನು. ನಿನಗೆ ತೋಟ ಬೇಡ. ಹೋಗುವಾಗ ಕೊಡಲಿಯವರನ್ನೂ ಕರೆದುಕೊಂಡು ಹೋಗು, ನಿನ್ನ ಮನೆಗೆ ಬಾಗಿಲು ಬೇರೆ ಎಲ್ಲಾದರೂ ಹುಡುಕಲಿ."

"ಹೋಗೋ ಮುಂಚೆ ಬಚ್ಚಲ ನೀರನ್ನು ತಿರುಗಿ ಈ ಕಡೆಗೆ ಬಿಟ್ಟು ಹೋಗಲಿ" ಅಂದಳು ನೀಲಾಜಮ್ಮ. "ಶಾಲನ್ನೂ ಕೊಟ್ಟು ಹೋಗಲಿ. ತೊಟ್ಟಿಲಿಗೆ ಹಾಸಬೇಕು."

ಉಗ್ರಪ್ಪ ಮೊಣಕಾಲುದ್ದ ಕೆಸರಲ್ಲಿ ನಿಂತು ಕಾಲುವೆ ತಿದ್ದಿದ. ಮೇಲಿನಿಂದ ಅಳಿಲು ಒಂದು ಹಲಸಿನ ಬೀಜ ಅವನ ತಲೆ ಮೇಲೆ ಕುಟ್ ಅಂತ ಹಾಕಿತು. ತೊಟ್ಟಿಲಲ್ಲಿದ್ದ ಕೂಸು ಜರಿಯನ್ನು ಬಾಯಿಗೆ ಹಾಕಿಕೊಂಡು ನಿದ್ದೆ ಹೋಯಿತು. ಉಗ್ರಪ್ಪನ ಮನೆಗೆ ಇವತ್ತಿಗೂ ಗೋಣಿ ಸರಿಸಿಯೇ ಒಳಗೆ ಹೋಗಬೇಕಂತೆ.

ಇದರಿಂದ ಏನು ಕಲಿತಿರಿ? ನಾನೇ ಹೇಳ್ತೀನಿ. ನೆರಳನ್ನು ಬೈಯುವ ಮೊದಲು ನೆರಳಿಗೆ ಯಾವ ಗಿಡ ಬೇಕು ಅಂತ ಕೇಳಬೇಕು. ಕಾಣದೆ ಹೋದದ್ದನ್ನೆಲ್ಲ ಸತ್ತಿತು ಅನ್ನಬಾರದು. ಇನ್ನೊಬ್ಬರು ಬೆಳೆಸಿದ್ದನ್ನು ನನ್ನದು ಅಂದವನು ಅದರ ಸೂತಕವನ್ನೂ ತಾನೇ ಹಿಡಿಯಬೇಕು.

ಹೂಂ ಅಂದವರು ಎದ್ದು ಆಡೋಕೆ ಹೋಗಿ. ಅನ್ನದವರು ಇಲ್ಲಿ ಬನ್ನಿ, ಅವರೆಕಾಯಿ ಮೊರದಲ್ಲೇ ಇದೆ.