ಕೂಳೆ ಜೋಳ ಮತ್ತು ಕಿರುಬನ ಔತಣ

ಒಂದು ಕಾಡಿನ ಅಂಚಿನಲ್ಲಿ ಕೆಂಚವ್ವ ಎಂಬ ಹಸುವಿಗೆ ಒಂದು ತುಂಡು ಹೊಲವಿತ್ತು. ವರ್ಷ ವರ್ಷವೂ ಜೋಳ ಬಿತ್ತುತ್ತಿದ್ದಳು. ತೆನೆ ಗಿಳಿಗಳಿಗೆ, ದಂಟು ಹಂದಿಗಳಿಗೆ, ದುಡಿಮೆ ಮಾತ್ರ ಅವಳಿಗೆ! ಆ ಸಲ ಕೊಯ್ಲು ಮುಗಿಯುವಷ್ಟರಲ್ಲಿ ಅವಳಿಗೆ ಸಾಕೋ ಸಾಕಾಗಿತ್ತು. "ಇನ್ನು ಬೇಸಾಯವೇ ಬೇಡ. ಹೊಲವನ್ನು ಹುಲ್ಲುಗಾವಲು ಮಾಡುತ್ತೇನೆ. ನನ್ನ ಕರು ಬೊಟ್ಟಿ ಕಣ್ಣೆದುರಿಗೇ ಮೇಯಲಿ" ಎಂದುಕೊಂಡಳು.

ಹೋಗಿ ಮುದಿ ಎತ್ತು ಹಂಡನನ್ನು ಕೇಳಿದಳು. ಪ್ರತಿ ವರ್ಷ ಕೊಯ್ಲಾದ ಮರುದಿನವೇ ಅವಳ ಹೊಲ ಉಳುತ್ತಿದ್ದವನು ಅವನೇ. ಅವನಿಗೆ ತಿಳಿವಳಿಕೆ ಬಹಳ, ಸಿಡುಕು ಇನ್ನೂ ಬಹಳ.

"ಜೋಳದ ಬುಡವನ್ನೆಲ್ಲ ಕಿತ್ತುಹಾಕು. ಗರಿಕೆ ನೆಡು. ಒಂದು ಮಳೆಗಾಲ ಯಾರೂ ಬಾಯಿ ಹಾಕಕೂಡದು" ಎಂದ ಹಂಡ.

"ಅಷ್ಟು ದಿನ ಯಾಕಪ್ಪಾ?"

"ಹೇಳಿದಷ್ಟು ಮಾಡು!" ಎಂದು ಅವನು ಮುಖ ತಿರುಗಿಸಿದ.

ಕೆಂಚವ್ವನಿಗೆ ಬೇಸರವಾಯಿತು. ಬುಡ ಕೀಳುವುದನ್ನು ಇಂದು ನಾಳೆ ಎಂದು ಮುಂದೂಡಿದಳು. ಅಷ್ಟರಲ್ಲಿ ಒಂದು ಹದ ಮಳೆ ಬಿತ್ತು. ಕೊಯ್ದ ಬುಡಗಳಿಂದ, ಅವಳು ಎಂದೂ ಕಂಡಿರದ ಕೂಳೆ ಚಿಗುರಿತು. ಹೊಲವೆಲ್ಲ ಹಸಿರೋ ಹಸಿರು!

ಇದನ್ನು ಬೇಲಿಯಾಚೆಯಿಂದ ಕತ್ತೆಕಿರುಬ ನೋಡಿದ. ಬೇಟೆಯೆಂದರೆ ಅವನಿಗೆ ಮೈಗಳ್ಳತನ, ಸತ್ತದ್ದು ಸಿಕ್ಕರೆ ಹಬ್ಬ. ಜೋಳದ ಎಳೆಯ ಕೂಳೆ ದನಗಳಿಗೆ ವಿಷವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಂಥ ಹೊಲಗಳ ಬದಿಯಲ್ಲಿ ಅವನು ಎಷ್ಟೋ ಸಲ ಊಟ ಮಾಡಿದ್ದ.

"ಕೆಂಚವ್ವಾ, ನಿನ್ನ ಪುಣ್ಯವೇ ಪುಣ್ಯ! ನೆಡದೆಯೇ ಮೇವು ಬಂದಿದೆ. ಇನ್ನೂ ಆ ಮುದುಕನ ಮಾತು ಕೇಳುತ್ತೀಯಾ? ನಾಳೆಯೇ ಕರುವನ್ನು ಬಿಡು ತಾಯಿ. ಪಾಪ, ಅದರ ಪಕ್ಕೆಲುಬು ಎಣಿಸಬಹುದು!" ಎಂದ ಕಿರುಬ.

ಕರುವಿನ ಮಾತೆತ್ತಿದರೆ ಯಾವ ತಾಯಿ ಕರಗುವುದಿಲ್ಲ ಹೇಳಿ? ಕೆಂಚವ್ವ ಒಪ್ಪಿದಳು. ಕಿರುಬ ಅಲ್ಲಿಂದ ನೆಟ್ಟಗೆ ಓಡಿದ. "ಕೂಳೆ ಮೇಯಿಸಿ ಕರು ಬೀಳಿಸುತ್ತೇನೆ. ನಾಳೆ ಮಧ್ಯಾಹ್ನ ಎಳೆಗರುವಿನ ಊಟ, ಎಲ್ಲರೂ ಬನ್ನಿ" ಎಂದು ಬಂಧುಬಳಗವನ್ನೆಲ್ಲ ಕರೆದ.

ಮರುದಿನ ಬೊಟ್ಟಿ ಕುಣಿಯುತ್ತ ಹೊಲಕ್ಕಿಳಿಯಿತು. ನಾಲ್ಕು ಬಾಯಿ ಮೇಯಿತು. ಸ್ವಲ್ಪ ಹೊತ್ತಿಗೆ ಅದರ ಕಾಲು ನಡುಗಿತು, ಉಸಿರು ಕಟ್ಟಿತು, ದೊಪ್ಪನೆ ಬಿತ್ತು.

"ಅಯ್ಯೋ, ನನ್ನ ಕಂದಾ!" ಎನ್ನುತ್ತ ಕೆಂಚವ್ವ ಅಂಬಾ ಎಂದು ಕೂಗಿದಳು.

ಕೂಗು ಕೇಳಿ ಹಂಡ ಏದುಸಿರು ಬಿಡುತ್ತ ಓಡಿಬಂದ. ಬಾಯಲ್ಲಿದ್ದ ಚಿಗುರನ್ನು ಉಗುಳಿಸಿದ. ಇಬ್ಬರೂ ಸೇರಿ ಕರುವನ್ನು ನೆರಳಿಗೆ ಎಳೆದರು. ಕೆಂಚವ್ವ ಅದರ ಮುಖ ನೆಕ್ಕುತ್ತ ಕೂತಳು.

ಅಷ್ಟರಲ್ಲಿ ಬೇಲಿಯ ಬಳಿ ಗದ್ದಲವೆದ್ದಿತು. ಔತಣಕ್ಕೆ ಕರೆದ ಕಿರುಬನ ಸುತ್ತ ಹತ್ತಾರು ಕಿರುಬಗಳು ಜೊಲ್ಲು ಸುರಿಸುತ್ತ ನಿಂತಿದ್ದವು. "ಏನೋ, ಕೂಳೆ ಮೇಯಿಸಿ ಕರು ಬೀಳಿಸುತ್ತೇನೆ ಅಂದೆಯಲ್ಲ! ಎಲ್ಲಿ ಊಟ?" ಎಂದು ಒಂದು ಮುದಿ ಕಿರುಬ ಅವನನ್ನು ಗದರಿತು.

ಆಗ ಕೆಂಚವ್ವನಿಗೆ ಎಲ್ಲವೂ ಅರ್ಥವಾಯಿತು.

ಅದೇ ಹೊತ್ತಿಗೆ ಬೊಟ್ಟಿಯ ಕಿವಿ ಅಲುಗಿತು. ಉಸಿರು ಸರಾಗವಾಯಿತು. ಮೆಲ್ಲನೆ ಎದ್ದು ನಿಂತು ತಾಯಿಯ ಕೆಚ್ಚಲಿಗೆ ಮುಖವಿಟ್ಟಿತು. ತಿಂದದ್ದು ನಾಲ್ಕೇ ಬಾಯಿ, ಅದೇ ಉಳಿಸಿತು! ಕೆಂಚವ್ವನಿಗೆ ಹೋದ ಜೀವ ಬಂದಂತಾಯಿತು.

ಹಂಡನ ಕೊಂಬಿಗೆ ಹೆದರಿ ಬೇಲಿ ದಾಟದ ಹಸಿದ ನೆಂಟರ ಸಿಟ್ಟು ಕೇಳಬೇಕೆ? "ದೂರದಿಂದ ಕರೆಸಿ ಉಪವಾಸ ಕೆಡವಿದೆಯಾ?" ಎಂದು ಎಲ್ಲವೂ ಸೇರಿ ಕಿರುಬನ ಕಿವಿ ಹರಿದವು, ಬಾಲ ಕಚ್ಚಿದವು. ಉಳಿದದ್ದನ್ನು ಹಂಡನ ಕೊಂಬು ಪೂರೈಸಿತು. ಕುಂಟುತ್ತ ಓಡಿದವನು ಮತ್ತೆ ಆ ಕಡೆ ತಲೆಹಾಕಲಿಲ್ಲ.

"ಕೂಳೆ ವಿಷ ಅಂತ ಅವತ್ತೇ ಬಾಯಿಬಿಟ್ಟು ಹೇಳಬೇಕಿತ್ತು. ನನ್ನದೂ ತಪ್ಪು" ಎಂದ ಹಂಡ, ತಲೆ ತಗ್ಗಿಸಿ.

"ಕಿತ್ತುಹಾಕು ಅಂದಾಗ ನಾನೂ ಕಿತ್ತುಹಾಕಬೇಕಿತ್ತು" ಎಂದಳು ಕೆಂಚವ್ವ.

ಇಬ್ಬರೂ ಸೇರಿ ಹೊಲ ಉತ್ತು ಒಂದೊಂದೇ ಬುಡ ಆರಿಸಿ ತೆಗೆದರು. ಗರಿಕೆ ನೆಟ್ಟು ಮಳೆಗಾಲ ಮುಗಿಯುವವರೆಗೂ ಕಾದರು. ಗರಿಕೆ ದಟ್ಟವಾಗಿ ಹಬ್ಬಿದ ಮೇಲೆ ಬೊಟ್ಟಿ ಹೊಟ್ಟೆ ತುಂಬ ಮೇಯಿತು. ಕೆಂಚವ್ವ ಪಕ್ಕದಲ್ಲೇ ಮಲಗಿ ನೆಮ್ಮದಿಯಿಂದ ಮೆಲುಕು ಹಾಕಿದಳು.

ನೀತಿ: ನಮ್ಮ ಅವಸರಕ್ಕೆ ಸಿಹಿಮಾತಿನಿಂದ ತಾಳ ಹಾಕುವವರಿಗೆ ಅದರಿಂದ ಏನು ಲಾಭವೆಂದು ಮೊದಲು ಯೋಚಿಸಬೇಕು, ಬುದ್ಧಿ ಹೇಳುವವರು ಅದರ ಕಾರಣವನ್ನೂ ಹೇಳಬೇಕು.