ಎರಡನೆಯ ಬೋಗುಣಿ

“ಗುರುಗಳೇ, ಒಬ್ಬನನ್ನು ಎಷ್ಟು ಪರೀಕ್ಷೆ ಮಾಡಿದ ಮೇಲೆ ನಂಬಬಹುದು?” ಎಂದು ಹಿರಿಯ ಶಿಷ್ಯ ಕೇಳಿದ.

ಮಠಕ್ಕೆ ಹೊಸಬನೊಬ್ಬ ಬಂದಿದ್ದ. ಸಂಜೆಯ ಪ್ರಾರ್ಥನೆಯನ್ನು ಅವನು ಹಾಡಿದರೆ ಅಡುಗೆಯವರು ಕೂಡ ಸೌಟು ಕೆಳಗಿಟ್ಟು ಕೇಳುತ್ತಿದ್ದರು. ತಾನು ಕಲ್ಲು ಒಡೆಯುವವರ ಮಗ, ಹಾಡು ಕಲಿತದ್ದು ಅವ್ವನಿಂದ ಎಂದು ಅವನು ಹೇಳಿಕೊಂಡಿದ್ದ. ಹಿರಿಯ ಶಿಷ್ಯನಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಇವನು ಯಾವುದೋ ದೊಡ್ಡ ವಿದ್ವಾಂಸರ ಮನೆಯಲ್ಲಿ ಕಲಿತು, ಏನೋ ತಪ್ಪು ಮಾಡಿ, ತಲೆಮರೆಸಿಕೊಂಡು ಬಂದಿದ್ದಾನೆ ಎಂದು ಅವನ ಗುಮಾನಿ. ಅಂಗೈ ಜಡ್ಡುಗಟ್ಟಿದೆಯೇ ಎಂದು ಮುಟ್ಟಿ ನೋಡಿದ್ದ. ಜಡ್ಡುಗಟ್ಟಿತ್ತು. ಅದರಿಂದ ಗುಮಾನಿ ಇನ್ನಷ್ಟು ಹೆಚ್ಚಿತು.

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರೇ ಹೇಳಿದ್ದಾರೆ. ಅವನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ, ನೀವೇ ಅಪ್ಪಣೆ ಕೊಡಬೇಕು,” ಎಂದ.

“ಕಳಿಸುವುದಕ್ಕೇನು, ಬಾಗಿಲು ತೆರೆದೇ ಇದೆ. ಮೊದಲು ಕೂತುಕೋ,” ಎಂದು ಗುರುಗಳು ಈ ಕತೆ ಹೇಳಿದರು.

ಕಡಲಾಚೆ ಒಂದು ದೇಶ. ಅಲ್ಲಿ ಬಿಳಿಯರು ಕರಿಯರನ್ನು ದನಗಳ ಹಾಗೆ ಕೊಂಡು, ಮಾರಿ, ದುಡಿಸಿದ್ದರು. ಆ ವ್ಯಾಪಾರ ನಿಂತಿತ್ತು, ಆ ಬುದ್ಧಿ ನಿಂತಿರಲಿಲ್ಲ. ಹಾಗೆ ಮಾರಾಟವಾದವರ ಮೊಮ್ಮಗಳು ಒಬ್ಬಳಿದ್ದಳು. ತಾಯಿ ಊರವರ ಬಟ್ಟೆ ಒಗೆಯುತ್ತಾ ಹಾಡುತ್ತಿದ್ದಳು. ಮಗಳು ಆ ಹಾಡನ್ನೇ ಕಲಿತು, ಬೆಳೆದ ಮೇಲೆ ಒಂದು ನಾಟಕ ಕಂಪನಿಯ ಬಾಗಿಲಿಗೆ ಹೋದಳು.

ಅಲ್ಲಿಯ ರಂಗಕ್ಕೆ ಒಂದು ಪದ್ಧತಿ ಇತ್ತು. ಕರಿಯರ ಪಾತ್ರವನ್ನು ಬಿಳಿಯರೇ ಕಟ್ಟುತ್ತಿದ್ದರು. ಬೆಂಡು ಸುಟ್ಟು, ಆ ಮಸಿಯನ್ನು ಮುಖಕ್ಕೂ ಕುತ್ತಿಗೆಗೂ ಬಳಿದು, ಕೈಗೆ ಗವಸು ಹಾಕಿಕೊಂಡು, ಕರಿಯರನ್ನು ಅಣಕಿಸಿ ನಗಿಸುತ್ತಿದ್ದರು. ನಮ್ಮಲ್ಲಿ ಮಾನ ಕಳೆಯಬೇಕಾದರೆ ಮಸಿ ಬಳಿಯುತ್ತಾರೆ. ಅಲ್ಲಿ ಬಳಿದುಕೊಂಡವನಿಗೇ ಮಾನ. ಲೋಕ ವಿಚಿತ್ರ.

ಕಂಪನಿಯ ಯಜಮಾನ ಆಕೆಯ ಹಾಡು ಕೇಳಿದ. ತಲೆದೂಗಿದ. ಮಸಿಯ ಡಬ್ಬಿ ತಂದು ಮುಂದಿಟ್ಟ.

“ನಾನೇ ಕರಿಯಳು. ನನಗೇಕೆ ಮಸಿ?” ಎಂದಳು.

“ಜನ ನೋಡಲು ಬರುವುದು ಮಸಿಯನ್ನು, ನಿನ್ನನ್ನಲ್ಲ,” ಎಂದ.

ಹಸಿವು ಇತ್ತು. ಬಳಿದುಕೊಂಡಳು.

ಹೆಸರು ಬಂತು. ಹೆಸರಿನ ಬೆನ್ನಿಗೇ ಅನುಮಾನವೂ ಬಂತು. ಇಂಥ ದನಿ ಇವಳದಾಗಿರಲಾರದು, ಪರದೆಯ ಹಿಂದೆ ಬೇರೆ ಯಾರೋ ಹಾಡುತ್ತಾರೆ ಎಂದರು. ಕೆಲವರು ಪರದೆ ಸರಿಸಿ ನೋಡಿದರು. ಒಂದು ಪೊರಕೆ ಬಿಟ್ಟರೆ ಏನೂ ಇರಲಿಲ್ಲ. ಆಗ, ದನಿ ಇವಳದೇ ಇರಬಹುದು, ಮೈ ಮಾತ್ರ ಕರಿಯದಲ್ಲ, ಮಸಿಯ ಕೆಳಗೆ ಬಿಳಿಯ ಹೆಂಗಸಿದ್ದಾಳೆ ಎಂದರು. ಮುಖ, ಕತ್ತು ಮಸಿಯಲ್ಲಿ, ಕೈ ಗವಸಿನಲ್ಲಿ. ನೋಡಲು ಬಂದವರಲ್ಲಿ ಆಕೆಯ ಚರ್ಮವನ್ನು ಕಂಡವರೇ ಇಲ್ಲ. ಮಸಿ ಬಳಿಸಿದವರೂ ಅವರೇ, ಮಸಿಯ ಕೆಳಗೆ ಏನಿದೆ ಎಂದು ಗುಸುಗುಸು ಮಾತಾಡಿದವರೂ ಅವರೇ. ಯಜಮಾನನಿಗೆ ಇದು ಹಬ್ಬವಾಯಿತು. ಗುಟ್ಟು ನೋಡಲೆಂದೇ ಜನ ನುಗ್ಗುತ್ತಿದ್ದರು. ಬಾಯಿ ಬಿಡಬೇಡ ಎಂದು ಆಕೆಗೆ ತಾಕೀತು ಮಾಡಿದ.

ಅನುಮಾನ ಅಂಟುರೋಗ ಕಣಪ್ಪ. ಆಕೆಗೂ ತಗುಲಿತು. ಚಪ್ಪಾಳೆ ಬಿದ್ದಾಗ ಇದು ನನಗೋ ಮಸಿಗೋ ಎಂದು ಯೋಚಿಸಿದಳು. ಯಾರಾದರೂ ಹೂ ಕೊಟ್ಟರೆ, ಅವರು ಹೂ ನೀಡುತ್ತಿದ್ದಾರೋ ಗವಸು ಎಳೆಯಲು ಕೈ ಚಾಚುತ್ತಿದ್ದಾರೋ ಎಂದು ಹಿಂಜರಿದಳು. ಅಷ್ಟು ಹೆಸರು ಗಳಿಸಿದವಳಿಗೆ ಒಂದು ದಿನವೂ ನೆಮ್ಮದಿ ಇರಲಿಲ್ಲ.

ಒಮ್ಮೆ ತಾಯಿ ನಾಟಕ ನೋಡಲು ಬಂದಳು. ಕರಿಯರಿಗೆಂದು ಬಿಟ್ಟಿದ್ದ ಮೇಲಿನ ಅಟ್ಟಣಿಗೆಯಲ್ಲಿ ಕೂತು ನೋಡಿದಳು. ಆಟ ಮುಗಿದ ಮೇಲೆ ಹೇಗಿತ್ತು ಎಂದು ಮಗಳು ಕೇಳಿದಳು.

“ಹಾಡು ನಮ್ಮ ಮನೆಯದೇ ಮಗಳೇ. ಹಾಡಿದವಳು ಯಾರು ಅಂತ ಗುರುತು ಹತ್ತಲಿಲ್ಲ,” ಎಂದಳು ತಾಯಿ.

ಮಗಳು ಆ ದಿನ ಊಟ ಮಾಡಲಿಲ್ಲ.

ಮರುದಿನದ ಆಟದಲ್ಲಿ, ಹಾಡಿಗೆ ಮೊದಲು, ಆಕೆ ಒಂದು ಬೋಗುಣಿ ನೀರು ರಂಗದ ಮೇಲೆ ತರಿಸಿದಳು. ಪಕ್ಕದಲ್ಲಿ ನಿಂತ ಯಜಮಾನ ಬೇಡ ಬೇಡ ಎಂದು ಕೈಯಾಡಿಸಿದ. ಆಕೆ ಗವಸು ಕಳಚಿದಳು. ಮುಖ ತೊಳೆದಳು. ನೀರು ಕಪ್ಪಾಯಿತು. ಮಸಿಯ ಕೆಳಗಿಂದ ಆಕೆಯ ಮುಖವೇ ಹೊರಬಂತು, ತಾಯಿ ಹೆತ್ತ ಕಪ್ಪು ಮುಖ.

ಮುಂದಿನ ಸಾಲಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಒಂದು ಆಟವನ್ನೂ ತಪ್ಪಿಸಿದವನಲ್ಲ. ಅವನು ಎದ್ದು ನಿಂತು, “ಇನ್ನೂ ತೊಳೆ. ಕೆಳಗೆ ಇನ್ನೊಂದು ಪದರ ಇದೆ,” ಎಂದ.

ಆಕೆ ಎರಡನೆಯ ಬೋಗುಣಿ ತರಿಸಿದಳು. ಉಜ್ಜಿ ಉಜ್ಜಿ ತೊಳೆದಳು. ನೀರು ತಿಳಿಯಾಗಿಯೇ ಉಳಿಯಿತು. ಬೋಗುಣಿಯನ್ನು ಎತ್ತಿಕೊಂಡು ಹೋಗಿ ವ್ಯಾಪಾರಿಯ ಮುಂದೆ ಹಿಡಿದಳು. ಅವನು ಬಗ್ಗಿ ನೋಡಿದ. ಬೆರಳು ಅದ್ದಿ ನೋಡಿದ.

“ಬಲು ಗಟ್ಟಿ ಬಣ್ಣ. ನೀರಿಗೆ ಬಿಡುವುದಿಲ್ಲ,” ಎಂದ.

ಮೂರನೆಯ ಬೋಗುಣಿಯನ್ನು ಆಕೆ ತರಿಸಲಿಲ್ಲ. ಇವನ ಎದುರು ಕಡಲನ್ನೇ ತಂದು ಸುರಿದರೂ ಸಾಲದು ಎಂದು ತಿಳಿಯಿತು. ನೀರನ್ನು ಪಕ್ಕಕ್ಕಿಟ್ಟು, ಅಟ್ಟಣಿಗೆಯ ಕಡೆ ಮುಖ ಮಾಡಿ, ತಾಯಿಯ ಹಾಡು ಹಾಡಿದಳು. ವ್ಯಾಪಾರಿ ಎದ್ದುಹೋದ. ಅವನ ಹಿಂದೆ ಅರ್ಧ ಸಭೆ ಎದ್ದುಹೋಯಿತು. ಉಳಿದವರು ಕೊನೆಯವರೆಗೆ ಕೇಳಿದರು.

ಯಜಮಾನ ಆಕೆಯನ್ನು ಕಂಪನಿಯಿಂದ ಬಿಡಿಸಿದ. ಕೆಲವು ಕಾಲ ತಾಯಿಯ ಜೊತೆ ಬಟ್ಟೆ ಒಗೆದಳು. ಆಮೇಲೆ ಬೇರೆ ಕಂಪನಿಯವರು ಕರೆದರು. ಅಲ್ಲಿ ರಾಣಿಯ ಪಾತ್ರವನ್ನು ತನ್ನದೇ ಮುಖದಲ್ಲಿ ಮಾಡಿದಳು. ಆಕೆಯ ಹಿಂದೆ ಬಂದ ಕರಿಯ ಹೆಣ್ಣುಮಕ್ಕಳು ಮಸಿಯ ಡಬ್ಬಿ ಮುಟ್ಟಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಪಡಸಾಲೆಯ ಕಡೆಯಿಂದ ಹೊಸಬನ ಹಾಡು ಕೇಳುತ್ತಿತ್ತು.

“ಆ ವ್ಯಾಪಾರಿ ಮೂರ್ಖ, ಒಪ್ಪಿದೆ,” ಎಂದ ಶಿಷ್ಯ. “ಬಣ್ಣ ಆಕೆಯದೇ. ಆದರೆ ಗುರುಗಳೇ, ಬಟ್ಟೆ ಒಗೆಯುವವಳ ಮಗಳಿಗೆ ಅಂಥ ಹಾಡು ಸುಮ್ಮನೆ ಬರುತ್ತದೆಯೇ? ಯಾರೋ ದೊಡ್ಡವರು ಗುಟ್ಟಾಗಿ ಕಲಿಸಿರಬೇಕು, ಅಲ್ಲವೇ?”

ಗುರುಗಳು ಅವನನ್ನೇ ನೋಡಿದರು.

“ವ್ಯಾಪಾರಿ ಎದ್ದುಹೋದ ಕುರ್ಚಿ ಖಾಲಿ ಉಳಿಯಲಿಲ್ಲವಪ್ಪ,” ಎಂದರು.